ಹಳೆ ಮನೆ ಕೊಂಡಾಗ ತಲೆಯ ಮೇಲಿನ ಕಲ್ನಾರು

ಕಡೂರು ತಾಲ್ಲೂಕಿನ ಸಖರಾಯಪಟ್ಟಣದಂಥ ಊರಿನಲ್ಲಿ ನಲವತ್ತು ಐವತ್ತು ವರ್ಷದ ಮನೆಯೊಂದು ಮಾರಾಟಕ್ಕೆ ಬಂದರೆ, ಅದರಲ್ಲಿ ಎಲ್ಲೋ ಒಂದು ಕಡೆ ಕಲ್ನಾರು ಇರುತ್ತದೆ ಎಂದುಕೊಂಡೇ ನೋಡಲು ಹೋಗುವುದು ಒಳ್ಳೆಯದು. ನಡುಮನೆಗೆ ಹೆಂಚಿರಬಹುದು, ಮುಂದಿನ ಕೋಣೆಗೆ ಆರ್‌ಸಿಸಿ ಬಂದಿರಬಹುದು. ಆದರೆ ಬಚ್ಚಲಿನ ಮೇಲೆ, ಕೊಟ್ಟಿಗೆಯ ಮೇಲೆ, ಹಿತ್ತಿಲಿನ ಸೌದೆ ಕೊಟ್ಟಿಗೆಯ ಮೇಲೆ, ಜಗುಲಿಯ ಮುಂದಕ್ಕೆ ಇಳಿಸಿದ ಮಾಡಿನಲ್ಲಿ ಅಲೆ ಅಲೆಯಾದ ಬೂದು ಶೀಟು ಕಾಣುತ್ತದೆ. ಮನೆಯವರು ಅದನ್ನು ಸಿಮೆಂಟ್ ಶೀಟು ಎನ್ನುತ್ತಾರೆ, ಅಂಗಡಿಯವರು ಎಸಿ ಶೀಟು ಎನ್ನುತ್ತಾರೆ, ಪತ್ರಿಕೆಗಳು ಕಲ್ನಾರು ಶೀಟು ಎಂದು ಬರೆಯುತ್ತವೆ. ಮೂರೂ ಒಂದೇ. ಕೊಳ್ಳುವವರು ಗೋಡೆಯ ಬಿರುಕು ನೋಡುತ್ತಾರೆ, ಬಾವಿಯ ನೀರು ನೋಡುತ್ತಾರೆ, ವಾಸ್ತು ನೋಡುತ್ತಾರೆ. ಶೀಟಿನ ಬಗ್ಗೆ ಮಾತು ಬಂದರೂ ಸೆಕೆಯ ವಿಚಾರಕ್ಕೆ, ಅಥವಾ ಎಲ್ಲಿ ಸೋರುತ್ತದೆ ಎಂಬ ವಿಚಾರಕ್ಕೆ.

ಕಲ್ನಾರು ಎಂದರೆ ನಾರಿನಂತೆ ಎಳೆ ಎಳೆಯಾಗಿ ಬಿಡಿಸಲು ಬರುವ ಖನಿಜಗಳ ಒಂದು ಗುಂಪು. ಬಿಳಿ ಕಲ್ನಾರು ಎನಿಸಿಕೊಂಡ ಕ್ರಿಸೊಟೈಲ್, ಕಂದು ಬಣ್ಣದ ಅಮೊಸೈಟ್, ನೀಲಿ ಬಣ್ಣದ ಕ್ರೊಸಿಡೊಲೈಟ್ ವ್ಯಾಪಾರಕ್ಕೆ ಬಂದ ಮುಖ್ಯ ಬಗೆಗಳು. ಬೆಂಕಿಗೆ ಜಗ್ಗದ, ಎಳೆದರೆ ತಂತಿಯಷ್ಟು ಗಟ್ಟಿಯಾದ ಈ ನಾರನ್ನು ಸಿಮೆಂಟಿನ ಜೊತೆ ಬೆರೆಸಿ ತೆಳ್ಳನೆಯ ಹಾಳೆ ಮಾಡುವ ವಿಧಾನವನ್ನು ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ 1900ರ ಸುಮಾರಿಗೆ ಕಂಡುಹಿಡಿದ. ಬರಿಯ ಸಿಮೆಂಟಿನ ಹಾಳೆ ಆರು ಮಿಲಿಮೀಟರ್ ದಪ್ಪಕ್ಕೆ ನಿಲ್ಲುವುದಿಲ್ಲ, ಎತ್ತಿದರೆ ಮುರಿಯುತ್ತದೆ. ತೂಕದಲ್ಲಿ ಹತ್ತನೇ ಒಂದು ಪಾಲಿನ ಆಸುಪಾಸು ಕಲ್ನಾರು ಸೇರಿದರೆ ಅದೇ ಹಾಳೆ ಮಳೆ ಬಿಸಿಲು ತಡೆದು ದಶಕಗಟ್ಟಲೆ ಬಾಳುತ್ತದೆ. ಜೇಡಿಮಣ್ಣಿನ ಗೋಡೆಗೆ ಹುಲ್ಲು ಕಲಸಿದ ಹಾಗೆಯೇ ಇದೂ.

ಭಾರತದಲ್ಲಿ ಈ ಶೀಟಿನ ಉದ್ಯಮ 1930ರ ದಶಕದಲ್ಲಿ ಎವರೆಸ್ಟ್ ಕಂಪನಿಯೊಂದಿಗೆ ಬೇರೂರಿತು. 1946ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಕಂಪನಿಯ ಚಾರ್ಮಿನಾರ್ ಹೆಸರು ಮುಂದೆ ಎಷ್ಟು ಹರಡಿತೆಂದರೆ, ಹಳ್ಳಿಗಳಲ್ಲಿ ಯಾವ ಕಂಪನಿಯ ಶೀಟಾದರೂ ಚಾರ್ಮಿನಾರ್ ಶೀಟೇ ಆಯಿತು. ಕಡೂರಿನ ಸುತ್ತಮುತ್ತ ಅದು ಹೆಂಚಿನ ಜಾಗ ಹಿಡಿದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆಂಚಿಗೆ ಒತ್ತೊತ್ತಾಗಿ ರೀಪು ಹೊಡೆಯಬೇಕು, ರೀಪಿಗೆ ಪಕಾಸು ಬೇಕು, ಪಕಾಸಿಗೆ ತೊಲೆ ಬೇಕು. ಮರದ ಬೆಲೆ ಏರಿದ ಮೇಲೆ ಅಷ್ಟು ಮರ ಕೊಳ್ಳುವವರು ಯಾರು? ಶೀಟಿಗೆ ನಾಲ್ಕು ಅಡಿಗೊಂದು ಅಡ್ಡತೊಲೆ ಸಾಕು. ಅದರ ಮೇಲೆ ಕೋತಿಗಳ ಕಾಟ. ಗುಂಪು ಬಂದು ಒಮ್ಮೆ ಮಾಡಿನ ಮೇಲೆ ಓಡಿದರೆ ಹತ್ತು ಹೆಂಚು ಜಾರುತ್ತವೆ, ಮಳೆಗಾಲದ ನಡುವೆ ಹೆಂಚು ಕೈಯಾಡಿಸುವವನನ್ನು ಹುಡುಕಬೇಕು. ಬಾಬಾಬುಡನ್‌ಗಿರಿಯ ಸಾಲು ಮಳೆಯನ್ನು ಪಶ್ಚಿಮಕ್ಕೇ ಹಿಡಿದುಕೊಳ್ಳುವುದರಿಂದ ಸಖರಾಯಪಟ್ಟಣದ ಕಡೆಗೆ ಮಲೆನಾಡಿನಷ್ಟು ಮಳೆಯಿಲ್ಲ. ಹಾಗಾಗಿ ಕಡಿಮೆ ಇಳಿಜಾರಿನ ಶೀಟಿನ ಮಾಡು ಇಲ್ಲಿ ನಡೆಯುತ್ತದೆ. ಬಡವರ ಮನೆಗೆ ಅದು ದೊಡ್ಡ ಅನುಕೂಲವಾಗಿತ್ತು ಎನ್ನುವುದನ್ನು ಮರೆತು ಶೀಟನ್ನು ಬೈಯುವುದು ನ್ಯಾಯವಲ್ಲ.

ದೇಶದ ಎಷ್ಟು ಮನೆಗಳ ಮೇಲೆ ಕಲ್ನಾರು ಇದೆ ಎಂದು ಜನಗಣತಿಯಿಂದ ತಿಳಿಯುವುದಿಲ್ಲ. 2011ರ ಗಣತಿಯಲ್ಲಿ ನೂರಕ್ಕೆ ಸುಮಾರು 16 ಮನೆಗಳ ಮಾಡು ತಗಡು ಅಥವಾ ಕಲ್ನಾರು ಎಂದು ದಾಖಲಾಗಿದೆ. ಎರಡನ್ನೂ ಒಂದೇ ಅಂಕಣಕ್ಕೆ ತುಂಬಿದ್ದಾರೆ. ಲೆಕ್ಕ ಬರೆದವರಿಗೆ ಎರಡೂ ಬಡವರ ಮಾಡು ಅಷ್ಟೇ.

ಕಲ್ನಾರಿನ ನಿಕ್ಷೇಪ ಕರ್ನಾಟಕದಲ್ಲೂ ಇದೆ. ರಾಜಸ್ಥಾನದ ನಂತರ ದೇಶದಲ್ಲಿ ಹೆಚ್ಚು ನಿಕ್ಷೇಪ ಇರುವುದು ಇಲ್ಲಿಯೇ. ಹಾಸನ ಜಿಲ್ಲೆಯ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಅದು ಇರುವುದು ಭೂಗರ್ಭಶಾಸ್ತ್ರಜ್ಞರಿಗೆ ಬಹಳ ಹಿಂದಿನಿಂದ ಗೊತ್ತು. 1986ರಲ್ಲಿ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ನೆಲದಿಂದ ತೆಗೆಯುವುದು ಬೇಡ ಎಂದಾಯಿತು. ಹೊರಗಿನಿಂದ ತಂದು ಶೀಟು ಮಾಡುವುದಕ್ಕೆ ಅಡ್ಡಿಯಾಗಲಿಲ್ಲ. ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಕಲ್ನಾರು ಭಾರತಕ್ಕೆ ಬರುತ್ತದೆ. ಇವುಗಳಲ್ಲಿ ಬ್ರೆಜಿಲಿನ ಸುಪ್ರೀಂ ಕೋರ್ಟು 2017ರಲ್ಲಿ ತನ್ನ ದೇಶದೊಳಗೆ ಕಲ್ನಾರಿನ ಬಳಕೆಯನ್ನು ನಿಷೇಧಿಸಿದೆ. ಅಲ್ಲಿ ಬೇಡವಾದ ನಾರು ಹಡಗು ಹತ್ತಿ ಇಲ್ಲಿಗೆ ಬರುತ್ತಲೇ ಇತ್ತು.

ಹಳೆ ಮನೆ ಕೊಳ್ಳುವವರಿಗೆ ಇದರಿಂದ ಒಂದು ತೊಡಕಿದೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ, ನೇಪಾಳ 2015ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಆ ದೇಶಗಳಲ್ಲಿ ಮನೆ ಕಟ್ಟಿದ ವರ್ಷ ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ. ಇಲ್ಲಿ ನಿಷೇಧವೇ ಆಗಿಲ್ಲವಾದ್ದರಿಂದ ಹೋದ ವರ್ಷ ಹೊದಿಸಿದ ಶೀಟಿನಲ್ಲೂ ಕಲ್ನಾರು ಇರಬಹುದು. ಕೆಲವು ಕಂಪನಿಗಳು ಈಗ ಕಲ್ನಾರಿಲ್ಲದ ನಾರು ಸಿಮೆಂಟ್ ಶೀಟನ್ನೂ ಮಾರುತ್ತವೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ. ಬಿಲ್ಲು ಇಟ್ಟುಕೊಂಡವರಿಗೆ ಮಾತ್ರ ವ್ಯತ್ಯಾಸ ಗೊತ್ತು. ಶೀಟಿನ ಮೈಮೇಲೆ ಐಎಸ್ 459 ಎಂಬ ಅಚ್ಚು ಕಂಡರೆ ಅನುಮಾನವೇ ಬೇಡ, ಆ ಮಾನಕ ಕಲ್ನಾರು ಸಿಮೆಂಟ್ ಶೀಟಿನದೇ.

ಅಪಾಯ ಇರುವುದು ನಾರು ಗಾಳಿಗೆ ಸೇರಿದಾಗ. ಕಲ್ನಾರಿನ ಎಳೆ ಉದ್ದುದ್ದಕ್ಕೆ ಸೀಳುತ್ತಾ ಹೋಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಗಾಳಿಯಲ್ಲಿನ ಕಲ್ನಾರನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವಾಗ ಮೂರು ಮೈಕ್ರಾನಿಗಿಂತ ತೆಳುವಾದ, ಐದು ಮೈಕ್ರಾನಿಗಿಂತ ಉದ್ದವಾದ ಎಳೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇಷ್ಟು ಸಣ್ಣ ಎಳೆ ಮೂಗಿನಲ್ಲಾಗಲೀ ಗಂಟಲಿನಲ್ಲಾಗಲೀ ನಿಲ್ಲದೆ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಇಳಿಯುತ್ತದೆ. ಅಲ್ಲಿಗೆ ಬಂದ ಧೂಳನ್ನು ನುಂಗಿ ಹೊರಹಾಕುವ ಜೀವಕೋಶಗಳಿಗೆ ಈ ಉದ್ದನೆಯ ಸೂಜಿಯನ್ನು ನುಂಗಲಾಗುವುದಿಲ್ಲ. ಅದರ ಸುತ್ತ ಉರಿಯೂತವಾಗಿ ಗಾಯದ ಕಲೆ ಬೆಳೆಯುತ್ತದೆ. ಹೆಚ್ಚು ಧೂಳು ಬಹಳ ವರ್ಷ ಕುಡಿದವರಿಗೆ ಶ್ವಾಸಕೋಶವೇ ಗಡುಸಾಗಿ ಉಸಿರು ಸಾಲದಾಗುತ್ತದೆ, ಇದೇ ಆಸ್ಬೆಸ್ಟೋಸಿಸ್. ಶ್ವಾಸಕೋಶದ, ಧ್ವನಿಪೆಟ್ಟಿಗೆಯ, ಅಂಡಾಶಯದ ಕ್ಯಾನ್ಸರ್‌ಗಳಿಗೂ ಇದು ಕಾರಣ. ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರಿಗಂತೂ ಹೆಚ್ಚಿನ ಪ್ರಕರಣಗಳಲ್ಲಿ ಕಲ್ನಾರಲ್ಲದೆ ಬೇರೆ ಕಾರಣ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿ, ಕಂದು, ನೀಲಿ ಎಲ್ಲ ಕಲ್ನಾರನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ವರ್ಗದಲ್ಲಿಟ್ಟಿದೆ. ಬಿಳಿ ಕಲ್ನಾರು ನಿರಪಾಯ ಎನ್ನುವುದು ಮಾರುವವರ ಮಾತು.

ರೋಗ ಕಾಣಿಸಿಕೊಳ್ಳಲು ಹತ್ತು ವರ್ಷದಿಂದ ನಲವತ್ತು ಐವತ್ತು ವರ್ಷದವರೆಗೆ ಹಿಡಿಯುತ್ತದೆ. ಹಳ್ಳಿಯಲ್ಲಿ ಯಾರೂ ಶೀಟಿನಿಂದ ಸತ್ತದ್ದನ್ನು ಕಂಡಿಲ್ಲ ಎಂಬ ಮಾತು ಹುಟ್ಟುವುದು ಇದರಿಂದಲೇ. ಇಪ್ಪತ್ತನೇ ವಯಸ್ಸಿನಲ್ಲಿ ಶೀಟು ಕೊಯ್ದವನಿಗೆ ಅರುವತ್ತಕ್ಕೆ ಕೆಮ್ಮು ಹತ್ತಿದರೆ ಅದು ಬೀಡಿಯ ಕೆಮ್ಮಾಗುತ್ತದೆ, ಇಲ್ಲವೇ ಟಿಬಿ ಎನಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ರೋಚ್‌ಡೇಲಿನ ಕಲ್ನಾರು ಗಿರಣಿಯ ಕೆಲಸಗಾರ್ತಿ ನೆಲ್ಲಿ ಕರ್ಷಾ 1924ರಲ್ಲಿ ತೀರಿಕೊಂಡಾಗ ವೈದ್ಯರು ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದರಿಂದ ಕಾರಣ ಹೊರಬಿತ್ತು. ಹಾಗೆ ನೋಡದಿದ್ದರೆ ಅವಳ ಸಾವೂ ಎದೆರೋಗದ ಲೆಕ್ಕಕ್ಕೇ ಸೇರುತ್ತಿತ್ತು. ಕೆಲಸದ ಜಾಗದಲ್ಲಿ ಕುಡಿದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಷ್ಟನ್ನು ಓದಿ ಶೀಟಿನ ಮನೆಯಿಂದ ಓಡಬೇಕಿಲ್ಲ. ಕಲ್ನಾರಿನಲ್ಲಿ ಬಿಡಿನಾರು ಬೇರೆ, ಸಿಮೆಂಟಿನಲ್ಲಿ ಹಿಡಿದ ನಾರು ಬೇರೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1960–70ರ ದಶಕಗಳಲ್ಲಿ ಒಬ್ಬ ಗುತ್ತಿಗೆದಾರ ಚಳಿ ತಡೆಯಲೆಂದು ಅಟ್ಟದ ಮೇಲೆ ಬಿಡಿ ಕಲ್ನಾರನ್ನೇ ಹತ್ತಿಯಂತೆ ಊದಿ ತುಂಬಿದ್ದ. ಅದು ಗೋಡೆಯ ಸಂದಿನಿಂದ, ದೀಪದ ತೂತಿನಿಂದ ಕೋಣೆಗಳಿಗೆ ಇಳಿಯಿತು. ಕೊನೆಗೆ 2014ರಲ್ಲಿ ಸರ್ಕಾರವೇ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೊಂಡು ಕೆಡವಲು ಹೊರಟಿತು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಹಳೆ ಮನೆ ಕೊಳ್ಳುವ ಕನ್ನಡಿಗರು ಬಿಸಿನೀರಿನ ಪೈಪಿನ ಸುತ್ತು, ಒಳಮಾಡಿಗೆ ಸಿಂಪಡಿಸಿದ ಗಾರೆ, ನೆಲದ ವಿನೈಲ್ ಬಿಲ್ಲೆ ಎಂದೆಲ್ಲ ಹುಡುಕಿಸಬೇಕಾಗುತ್ತದೆ. ರಜೆಗೆ ಊರಿಗೆ ಬಂದ ಅವರು ಕೊಟ್ಟಿಗೆಯ ಶೀಟು ಕಂಡು ಬೆಚ್ಚುವುದೂ ಸಹಜವೇ. ಕಡೂರು ತಾಲ್ಲೂಕಿನ ಮನೆಯಲ್ಲಿ ಅಂಥದ್ದು ಇಲ್ಲ. ಇಲ್ಲಿನ ಶೀಟಿನಲ್ಲಿ ನಾರನ್ನು ಸಿಮೆಂಟು ಕಚ್ಚಿ ಹಿಡಿದಿರುತ್ತದೆ. ಬಿರುಕು ಬಿಡದೆ, ಯಾರೂ ಮುಟ್ಟದೆ ಇರುವ ಶೀಟಿನಿಂದ ಉದುರುವ ನಾರು ತೀರಾ ಕಡಿಮೆ. ಅದೇ ಶೀಟಿಗೆ ಕಟಿಂಗ್ ಮಿಷನ್ ಇಟ್ಟ ಕ್ಷಣ ಲೆಕ್ಕ ಬದಲಾಗುತ್ತದೆ. ಒಂದು ಶೀಟು ಕೊಯ್ಯುವಾಗ ಏಳುವ ಬಿಳಿ ಮೋಡದಲ್ಲಿ, ಅದರಡಿ ವರ್ಷಗಟ್ಟಲೆ ಮಲಗಿದವರು ಕುಡಿದಿರದಷ್ಟು ಧೂಳು ಇರುತ್ತದೆ. ಹಳೆ ಮನೆ ಕೊಂಡವರು ಮೊದಲು ಮಾಡುವ ಕೆಲಸ ರಿಪೇರಿ, ರಿಪೇರಿಯಲ್ಲಿ ಮೊದಲು ಬೀಳುವುದು ಹಿತ್ತಿಲಿನ ಶೀಟು. ಹೀಗಾಗಿ ನಲವತ್ತು ವರ್ಷ ಸುಮ್ಮನಿದ್ದ ಕಲ್ನಾರು ಮನೆ ಕೈಬದಲಾದ ತಿಂಗಳಿನಲ್ಲೇ ಎದ್ದು ಕೂರುತ್ತದೆ.

ಮನೆ ನೋಡಲು ಹೋದಾಗ ಒಳಗಿನಿಂದ, ಹೊರಗಿನಿಂದ ಎರಡೂ ಕಡೆ ನೋಡಬೇಕು. ಒಳಗಡೆ ಪ್ಲೈವುಡ್ ಅಥವಾ ಪಿವಿಸಿಯ ಸುಳ್ಳುಮಾಡು ಹಾಕಿದ್ದರೆ ಅದರ ಮೇಲೇನಿದೆ ಎಂದು ಒಂದು ಹಲಗೆ ಸರಿಸಿ ನೋಡಿಸುವುದು ತಪ್ಪಲ್ಲ. ಅಲೆಶೀಟಿನ ಅಗಲ ಸಾಮಾನ್ಯವಾಗಿ 1.05 ಮೀಟರ್, ಅಲೆಯಿಂದ ಅಲೆಗೆ 146 ಮಿಲಿಮೀಟರ್. ಬಡಿದರೆ ತಗಡಿನಂತೆ ಝಣಗುಟ್ಟದೆ ಮೊಂಡು ಸದ್ದು ಕೊಡುತ್ತದೆ. ಶೀಟಷ್ಟೇ ಅಲ್ಲ, ಬಚ್ಚಲಿನ ಹಂಡೆ ಒಲೆಯ ಹೊಗೆ ಕೊಳವೆ, ಮಾಡಿನ ನೀರು ಇಳಿಸುವ ಬೂದು ಪೈಪು, ಪಾಯಿಖಾನೆಯ ಗಾಳಿ ಕೊಳವೆ, ನೆಲದೊಳಗೆ ಹೂತ ಹಳೆಯ ನೀರಿನ ಪೈಪು ಕೂಡ ಕಲ್ನಾರು ಸಿಮೆಂಟಿನವಾಗಿರಬಹುದು. ಹಿಂದೊಮ್ಮೆ ಮಾಡು ಬದಲಿಸಿದ ಮನೆಯಾದರೆ ಹಿತ್ತಿಲನ್ನು ಇನ್ನೂ ಗಮನವಿಟ್ಟು ನೋಡಬೇಕು. ಒಡೆದ ಶೀಟಿನ ಚೂರುಗಳು ಚರಂಡಿಯ ಮುಚ್ಚಳವಾಗಿ, ಕೋಳಿಗೂಡಿನ ಗೋಡೆಯಾಗಿ, ಹೂಗಿಡದ ಪಾತಿಯ ಅಂಚಾಗಿ, ಅಂಗಳದ ಕೆಸರಿಗೆ ಹಾಕಿದ ಜಲ್ಲಿಯಾಗಿ ಸಿಗುತ್ತವೆ. ಕಾಲಡಿ ನುರಿಯುವ ಈ ಚೂರುಗಳು ಮಾಡಿನ ಮೇಲಿನ ಇಡೀ ಶೀಟಿಗಿಂತ ಕೆಟ್ಟವು.

ಶೀಟಿನ ವಯಸ್ಸು ಅದರ ಮೈಯಲ್ಲೇ ಇದೆ. ಮಳೆ ನೀರು ಮೇಲಿನ ಸಿಮೆಂಟನ್ನು ನಿಧಾನಕ್ಕೆ ಕರಗಿಸುತ್ತದೆ, ಪಾಚಿ ಮತ್ತು ಕಲ್ಲುಹೂವು ಬೇರು ಬಿಟ್ಟು ಅದನ್ನು ಸಡಿಲ ಮಾಡುತ್ತವೆ. ನಯವಾಗಿದ್ದ ಮೈ ಒರಟಾಗಿ, ಅಂಚಿನಲ್ಲಿ ಬಿಳಿ ಕೂದಲಿನಂಥ ಎಳೆ ಎದ್ದಿದ್ದರೆ, ಮಾಡಿನ ನೀರು ಬೀಳುವ ಕಡೆ ಬೂದು ಮಣ್ಣು ಕಟ್ಟಿದ್ದರೆ, ತೆಂಗಿನ ಗರಿ ಬಿದ್ದು ಅಲ್ಲಲ್ಲಿ ಸೀಳು ಬಿಟ್ಟಿದ್ದರೆ ಆ ಶೀಟಿನ ಕಾಲ ಮುಗಿಯುತ್ತಾ ಬಂದಿದೆ. ಪ್ರಯೋಗಾಲಯಕ್ಕೆ ಕಳಿಸಬೇಕೇ ಎಂಬ ಪ್ರಶ್ನೆಗೆ, ಮಾಡಿನ ಅಲೆಶೀಟಿನ ಮಟ್ಟಿಗೆ, ಬೇಡ ಎನ್ನಬಹುದು. ಅದು ಕಲ್ನಾರೇ ಎಂದು ತಿಳಿದು ನಡೆದರೆ ಹಣವೂ ಉಳಿಯುತ್ತದೆ, ಚೂರು ಮುರಿಯುವ ಕೆಲಸವೂ ತಪ್ಪುತ್ತದೆ. ಗೋಡೆಗೆ ಹೊಡೆದ ಚಪ್ಪಟೆ ಹಲಗೆಯಂಥ, ಏನೆಂದು ತಿಳಿಯದ ವಸ್ತುವಿಗೆ ಮಾತ್ರ ಪರೀಕ್ಷೆ ಮಾಡಿಸುವುದಕ್ಕೆ ಅರ್ಥವಿದೆ. ಆ ಜಾಗವನ್ನು ಒದ್ದೆ ಮಾಡಿ ಉಗುರಿನಷ್ಟು ಚೂರು ತೆಗೆದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಡಬೇಕು.

ಕಾಗದಪತ್ರದಲ್ಲಿ ಕಲ್ನಾರು ಅಡ್ಡ ಬರುವುದಿಲ್ಲ. ಋಣಭಾರ ಪತ್ರದಲ್ಲಾಗಲೀ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, 11ರಲ್ಲಾಗಲೀ ಮಾಡಿನ ಆರೋಗ್ಯದ ಮಾತಿಲ್ಲ. ಮಾಡು ಯಾವುದೆಂಬುದು ಬೆಲೆಗೆ ಮಾತ್ರ ಸಂಬಂಧಿಸಿದ್ದು. ಶೀಟಿನ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಮೂಗು ಮುರಿಯುವುದೂ ಕಟ್ಟಡದ ಬಾಳಿಕೆಯ ಲೆಕ್ಕದಿಂದಲೇ. ಕಲ್ನಾರಿದೆ ಎಂದು ಮಾರುವವರು ಬರೆದುಕೊಡಬೇಕೆಂಬ ಕಾನೂನು ನಮ್ಮಲ್ಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಹೇಳಲೇಬೇಕು ಎನ್ನುತ್ತದೆ. ತಲೆಯ ಮೇಲೆ ಎದ್ದು ಕಾಣುವ ಶೀಟು ಈ ಮಾತಿನೊಳಗೆ ಬರುವುದು ಕಷ್ಟ. ಸುಳ್ಳುಮಾಡಿನ ಮೇಲೆ ಮುಚ್ಚಿಟ್ಟದ್ದು, ಅಂಗಳದಲ್ಲಿ ಹೂತಿಟ್ಟ ಚೂರಿನ ರಾಶಿ ಬರಬಹುದು, ಆದರೆ ಅದನ್ನು ಹಿಡಿದು ಕೋರ್ಟಿಗೆ ಹೋಗುವುದಕ್ಕಿಂತ ಮುಂಗಡ ಕೊಡುವ ಮೊದಲು ಚೌಕಾಶಿಗೆ ಇಳಿಯುವುದೇ ಜಾಣತನ. ಶೀಟು ಇಳಿಸುವ, ಸಾಗಿಸುವ, ಹೊಸ ಮಾಡು ಹೊದಿಸುವ ಖರ್ಚನ್ನು ಮೇಸ್ತ್ರಿಯಿಂದ ಬರೆಸಿಕೊಂಡು ಮನೆಯ ಬೆಲೆಯಲ್ಲಿ ಕಳೆಯಲು ಕೇಳಬಹುದು. ಶೀಟನ್ನು ನೀವೇ ಇಳಿಸಿ ಕೊಡಿ ಎಂದು ಮಾರುವವರಿಗೆ ಹೇಳುವುದು ಮಾತ್ರ ಬೇಡ. ಅವರು ಅರ್ಧ ದಿನದಲ್ಲಿ ಒಡೆದು ಉರುಳಿಸಿ ಅಂಗಳದ ತುಂಬ ಧೂಳು ಮಾಡಿ ಬೀಗದ ಕೈ ಕೊಡುತ್ತಾರೆ.

ಕೊಂಡ ಮೇಲೆ ಮೂರು ದಾರಿ. ಶೀಟು ಗಟ್ಟಿಯಾಗಿದ್ದು ಸದ್ಯಕ್ಕೆ ಮನೆ ಬದಲಿಸುವ ಯೋಚನೆ ಇಲ್ಲದಿದ್ದರೆ ಹಾಗೇ ಬಿಡುವುದು ಸರಿಯಾದ ದಾರಿ, ಸೋಮಾರಿತನವಲ್ಲ. ತೂತು ಕೊರೆಯಬಾರದು, ಫ್ಯಾನಿನ ಕೊಕ್ಕೆಗೆಂದು ಚುಚ್ಚಬಾರದು, ದೀಪಾವಳಿಗೆ ಮುಂಚೆ ಪಾಚಿ ತೆಗೆಯಲು ತಂತಿಬ್ರಷ್ಷಿನಿಂದ ಒಣಗಿದ ಶೀಟನ್ನು ಉಜ್ಜಬಾರದು. ಎರಡನೆಯದು ಮುಚ್ಚುವುದು. ಒದ್ದೆ ಮಾಡಿ ಮೆತ್ತಗೆ ತೊಳೆದು ಹೊರಮೈಗೆ ಬಿಳಿ ಅಕ್ರಿಲಿಕ್ ಬಣ್ಣ ಹೊಡೆದರೆ ಎಳೆ ಹಿಡಿದು ನಿಲ್ಲುತ್ತದೆ, ಕಡೂರಿನ ಬೇಸಿಗೆಯಲ್ಲಿ ಕೋಣೆಯ ಕಾವೂ ಇಳಿಯುತ್ತದೆ. ಒಳಗಡೆ ಸುಳ್ಳುಮಾಡು ಹಾಕುವುದಾದರೆ ಅದರ ಚೌಕಟ್ಟು ಗೋಡೆಗೆ ಕೂರಬೇಕು, ಶೀಟಿಗಲ್ಲ. ಸೀಳಿದ, ನುರಿಯುವ, ಮೈ ಬಿಟ್ಟುಕೊಂಡ ಶೀಟಿಗೆ ಮೂರನೆಯ ದಾರಿಯೇ ಗತಿ: ಇಳಿಸುವುದು. ಮನೆಯನ್ನು ಹೇಗೂ ಎತ್ತರಿಸಿ ಕಟ್ಟುವ ಯೋಚನೆ ಇದ್ದರೆ, ಸಾಮಾನು ತಂದು ಹಾಲು ಉಕ್ಕಿಸುವ ಮೊದಲೇ ಇಳಿಸಿಬಿಡುವುದು ಒಳ್ಳೆಯದು. ಖಾಲಿ ಮನೆಯನ್ನು ತೊಳೆದಷ್ಟು ಸುಲಭವಾಗಿ ಹಾಸಿಗೆ, ಬಟ್ಟೆ, ದವಸ ತುಂಬಿದ ಮನೆಯನ್ನು ತೊಳೆಯಲಾಗುವುದಿಲ್ಲ.

ಇಳಿಸುವ ದಿನ ಗಾಳಿ ಇರಬಾರದು. ಆಷಾಢ ಈ ಕೆಲಸಕ್ಕೆ ಹೇಳಿದ ಕಾಲವಲ್ಲ. ಮಕ್ಕಳು, ಮುದುಕರು, ದನಕರು ಹತ್ತಿರ ಇರಬಾರದು. ಬಾವಿ, ಸಂಪು, ನೀರಿನ ತೊಟ್ಟಿಗಳನ್ನು ಮುಚ್ಚಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಕಿಟಕಿ ಹಾಕಿಸಬೇಕು, ಒಣಹಾಕಿದ ಬಟ್ಟೆ ತೆಗೆಸಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಆದರೆ ಅಡಿಕೆ ಒಣಗಿಸುವ ಟಾರ್ಪಲನ್ನಲ್ಲ. ಅದು ನಾಳೆ ಮತ್ತೆ ಅಡಿಕೆಗೇ ಹೋಗುತ್ತದೆ. ಇಲ್ಲಿ ಹಾಸಿದ್ದನ್ನು ಶೀಟಿನ ಜೊತೆಗೇ ಕಟ್ಟಿ ಕಳಿಸಬೇಕು. ಶೀಟನ್ನು ಎರಡೂ ಮೈ ನೆನೆಯುವಂತೆ ನೀರು ಸಿಂಪಡಿಸಬೇಕು. ನಾಲ್ಕು ಹನಿ ಸೋಪಿನ ದ್ರವ ಬೆರೆಸಿದರೆ ನೀರು ಬೇಗ ಇಳಿಯುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಬೆನ್ನ ಪಂಪನ್ನು ಚೆನ್ನಾಗಿ ತೊಳೆದು ಬಳಸಬಹುದು. ರಭಸದಿಂದ ನೀರು ಹಾರಿಸುವ ವಾಹನ ತೊಳೆಯುವ ಯಂತ್ರ ಮಾತ್ರ ಬೇಡ, ಅದು ಶೀಟಿನ ಮೈಯನ್ನೇ ಕಿತ್ತು ಹರಡುತ್ತದೆ.

ಶೀಟಿನ ಮೇಲೆ ಯಾರೂ ಕಾಲಿಡಬಾರದು. ಕಲ್ನಾರಿನ ಕ್ಯಾನ್ಸರ್ ಬರಲು ಹತ್ತಾರು ವರ್ಷ ಬೇಕು, ಹಳೆ ಶೀಟು ಮುರಿದು ಹತ್ತಡಿ ಕೆಳಗೆ ಬೀಳಲು ಒಂದು ಕ್ಷಣ ಸಾಕು. ಅಡ್ಡತೊಲೆಗಳ ಮೇಲೆ ಹಲಗೆ ಹಾಸಿ ನಿಲ್ಲಬೇಕು, ಆದರೆ ಒಳಗಡೆ ಸಾರ್ವೆ ಕಟ್ಟಿಕೊಂಡು ಕೆಳಗಿನಿಂದಲೇ ಕೆಲಸ ಮಾಡುವುದು ಮೇಲು. ತುಕ್ಕು ಹಿಡಿದ ಜೆ ಹುಕ್ಕಿನ ನಟ್ಟು ತಿರುಗುವುದಿಲ್ಲ. ಆಗ ಶೀಟನ್ನು ಸುತ್ತಿಗೆಯಿಂದ ಒಡೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಅದೇ ತಪ್ಪು ಉಪಾಯ. ಎಣ್ಣೆ ಬಿಟ್ಟು ಕಾಯಬೇಕು, ಇಲ್ಲವೇ ಹುಕ್ಕನ್ನು ಕೆಳಗಿನಿಂದ ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸಬೇಕು. ಗ್ರೈಂಡರ್ ಶೀಟಿಗೆ ತಾಗಕೂಡದು. ಹತ್ತಡಿಯ ಒಂದು ಶೀಟು ನಲವತ್ತು ಕೆಜಿಯ ಆಸುಪಾಸು ತೂಗುತ್ತದೆ. ಇಬ್ಬರು ಹಿಡಿದು ಕೈಯಿಂದ ಕೈಗೆ ಇಳಿಸಬೇಕು, ಎಸೆಯಬಾರದು, ಜಾರಿ ಬಿಡಬಾರದು. ಇಡೀ ಶೀಟು ಇಡೀ ಶೀಟಾಗಿಯೇ ನೆಲ ಮುಟ್ಟಿದರೆ ಕೆಲಸ ಮುಕ್ಕಾಲು ಪಾಲು ಸರಿಯಾದಂತೆ.

ಮೂಗಿಗೆ ಟವೆಲ್ ಸುತ್ತಿಕೊಂಡರೆ ಕಲ್ನಾರು ನಿಲ್ಲುವುದಿಲ್ಲ, ಕೋವಿಡ್ ಕಾಲದ ನೀಲಿ ಮಾಸ್ಕಿಗೂ ನಿಲ್ಲುವುದಿಲ್ಲ. ಎಫ್‌ಎಫ್‌ಪಿ3 ದರ್ಜೆಯ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಬೇಕು. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಕಸಬರಿಕೆಯಿಂದ ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಬೇಕು. ಮೈಮೇಲಿನ ಬಟ್ಟೆಯನ್ನು ಕೊಡವಬಾರದು, ಮನೆಯವರ ಬಟ್ಟೆಯೊಡನೆ ನೆನೆಹಾಕಬಾರದು. ಕಾರ್ಖಾನೆಗೆ ಎಂದೂ ಕಾಲಿಡದ ಹೆಂಗಸರು ಗಂಡಂದಿರ ಕೆಲಸದ ಬಟ್ಟೆ ಒಗೆದೇ ಮೆಸೊಥೆಲಿಯೋಮಕ್ಕೆ ತುತ್ತಾದದ್ದು ಬೇರೆ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿದೆ.

ಇಷ್ಟೆಲ್ಲ ನೀರು, ಮಾಸ್ಕು, ಸಾವಧಾನಕ್ಕೆ ಒಂದು ದಿನದ ಕೂಲಿ ಎರಡು ದಿನದ್ದಾಗುತ್ತದೆ. ಆ ಹೆಚ್ಚಿನ ಹಣ ಕೊಡಬೇಕಾದವರು ಮನೆ ಕೊಂಡವರೇ, ಕೊಡಿ ಎಂದು ಹೇಳುವ ಕಾನೂನು ಇಲ್ಲದಿದ್ದರೂ. ಕಾರ್ಖಾನೆಯ ಕಾರ್ಮಿಕರಿಗೆ ಒಂದಿಷ್ಟು ರಕ್ಷಣೆ ಇದೆ. 1995ರ ಜನವರಿಯಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕರ ಆರೋಗ್ಯವೂ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಕಲ್ನಾರು ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ಆದೇಶಿಸಿತು. ಕಲ್ನಾರನ್ನೇ ನಿಷೇಧಿಸಬೇಕೆಂದು ಬಂದ ಇನ್ನೊಂದು ಅರ್ಜಿಯನ್ನು 2011ರಲ್ಲಿ ಅದೇ ಕೋರ್ಟು ತಳ್ಳಿಹಾಕಿತು. ಕಾರ್ಖಾನೆಯ ಗೇಟು ದಾಟಿದ ಶೀಟು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆಗೆ ಅನ್ವಯಿಸುತ್ತಿತ್ತು. ಶೀಟು ಇಳಿಸಲು ಬರುವ ಅಣ್ಣತಮ್ಮಂದಿರ ಎರಡಾಳಿನ ಗುಂಪು ಅದರೊಳಗೆ ಬರುತ್ತಿರಲಿಲ್ಲ.

ಇಳಿಸಿದ ಶೀಟನ್ನು ಏನು ಮಾಡಬೇಕೆಂಬುದು ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕಲ್ನಾರು ಕಸದ ವಿಲೇವಾರಿಗೆಂದು ಭಾರತೀಯ ಮಾನಕ ಸಂಸ್ಥೆ 1986ರಲ್ಲೇ ಐಎಸ್ 11768 ಎಂಬ ಶಿಫಾರಸು ಹೊರತಂದಿದೆ. ಅಪಾಯಕಾರಿ ಕಸ ಹೂಳುವ ಅಧಿಕೃತ ಜಾಗ ಇರುವುದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ, ಸಖರಾಯಪಟ್ಟಣದಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಹತ್ತು ಶೀಟಿಗಾಗಿ ಯಾರು ಅಷ್ಟು ದೂರ ಗಾಡಿ ಹೊಡೆಯುತ್ತಾರೆ? ನಡೆಯುವುದೇ ಬೇರೆ. ಗಟ್ಟಿ ಶೀಟನ್ನು ಯಾರಾದರೂ ಕೊಟ್ಟಿಗೆಗೆ ಕೊಂಡೊಯ್ಯುತ್ತಾರೆ, ಒಡೆದದ್ದು ಊರಾಚೆಯ ಹಳ್ಳಕ್ಕೋ ಕೆರೆಯ ಅಂಗಳಕ್ಕೋ ಬೀಳುತ್ತದೆ. ಕೊಟ್ಟಿಗೆಗೆ ಹೋಗುವುದು ಎರಡರಲ್ಲಿ ಕಡಿಮೆ ಕೆಟ್ಟದ್ದು, ಒಯ್ಯುವವರಿಗೆ ಅದು ಏನೆಂದು ಹೇಳಿ, ಕೊಯ್ಯದೆ ಇಡೀ ಶೀಟನ್ನೇ ಹೊದಿಸಿಕೊಳ್ಳಿ ಎಂದು ಒಪ್ಪಿಸಿದರೆ. ಕೆರೆಗೆ ಎಸೆಯುವುದಕ್ಕೆ ಯಾವ ಸಮಾಧಾನವೂ ಇಲ್ಲ, ಅದರಲ್ಲೂ ಅಯ್ಯನಕೆರೆಯಂಥ ಕೆರೆಯ ನೀರು ನಂಬಿ ಬದುಕುವ ಊರಿನಲ್ಲಿ. ಒದ್ದೆ ಶೀಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಅಂಟಿಸಿ, ಕಲ್ನಾರು ಎಂದು ದೊಡ್ಡದಾಗಿ ಬರೆದು ನೆರಳಿನಲ್ಲಿ ಇಟ್ಟುಕೊಂಡು, ಚಿಕ್ಕಮಗಳೂರಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಪಂಚಾಯಿತಿಗೂ ಬರೆದು ಕೇಳುವುದು ನಿಯಮದ ದಾರಿ. ಒಂದೇ ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ಲಾರಿಯಲ್ಲಿ ಸಾಗಿಸಿದರೆ ಖರ್ಚು ಹಂಚಿಹೋಗುತ್ತದೆ. ಸಣ್ಣ ಊರುಗಳಿಗೆ ತಾಲ್ಲೂಕಿಗೊಂದು ಸಂಗ್ರಹ ಜಾಗ ಬೇಕು. ಅದನ್ನು ಕೊಂಡವರೊಬ್ಬರ ಹೆಗಲಿಗೆ ಹಾಕಿ ಕುಳಿತುಕೊಳ್ಳುವುದು ಸರ್ಕಾರಕ್ಕೆ ಶೋಭೆಯಲ್ಲ.

ಹೊಸ ಮಾಡಿಗೆ ಕಲ್ನಾರಿಲ್ಲದ ನಾರು ಸಿಮೆಂಟ್ ಶೀಟು, ಬಣ್ಣ ಹೊದಿಸಿದ ತಗಡು, ಮಂಗಳೂರು ಹೆಂಚು ಎಲ್ಲವೂ ಇವೆ. ತಗಡು ಹಗುರ, ಹಳೆ ತೊಲೆಯ ಮೇಲೇ ಕೂರುತ್ತದೆ, ಮಳೆಯಲ್ಲಿ ಮಾತು ಕೇಳಿಸುವುದಿಲ್ಲ. ಹೆಂಚು ತಂಪು, ಕೋತಿ ತಪ್ಪಿದ್ದಲ್ಲ.

ಮಾರಿದವರು ವರ್ಷಗಟ್ಟಲೆ ಆ ಮಾಡಿನ ಕೆಳಗೆ ಬಾಳಿದ್ದರೆ, ಅಷ್ಟರಿಂದಲೇ ಅವರಿಗೆ ಎಕ್ಸ್‌ರೇ, ಸ್ಕ್ಯಾನು ಬೇಕಿಲ್ಲ. ವೈದ್ಯರ ಬಳಿ ಹೋಗಬೇಕಾದವರು ಶೀಟು ಕೊಯ್ಯುವ, ಹೊದಿಸುವ, ಇಳಿಸುವ ಕೆಲಸವನ್ನೇ ಬಹುಕಾಲ ಮಾಡಿದವರು. ಅವರಿಗೆ ಏದುಸಿರು, ಬಿಡದ ಒಣಕೆಮ್ಮು, ಎದೆನೋವು ಇದ್ದರೆ ತಾವು ಮಾಡಿದ ಕೆಲಸವೇನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಕೇಳುವ ವೈದ್ಯರು ಕಡಿಮೆ. ಎದೆಯ ಎಕ್ಸ್‌ರೇ ಮತ್ತು ಉಸಿರಿನ ಅಳತೆಯಿಂದ ತಪಾಸಣೆ ಶುರುವಾಗುತ್ತದೆ. ಔದ್ಯೋಗಿಕ ರೋಗಗಳಿಗಾಗಿಯೇ ಇರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಒಳಗೆ ಹೋದ ನಾರನ್ನು ಹೊರತೆಗೆಯುವ ಔಷಧಿ ಇಲ್ಲ. ಬೀಡಿ ಸಿಗರೇಟು ಬಿಡುವುದು ಮಾತ್ರ ಕೈಯಲ್ಲಿರುವ ಕೆಲಸ. ಕಲ್ನಾರೂ ಹೊಗೆಯೂ ಕೂಡಿದಾಗ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಎರಡನ್ನೂ ಬಿಡಿಬಿಡಿಯಾಗಿ ಕೂಡಿಸಿದ್ದಕ್ಕಿಂತ ಬಹಳ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು 1968ರಲ್ಲೇ ತೋರಿಸಿದ್ದರು.